ಮನೆ ಹತ್ತಿರ ಹೊಸ ಕೆಫೆ, ಭಾನುವಾರದ ತಿಂಡಿ ನಿರಾಸೆ ಮಾಡಿತು: ಇನ್ನೊಂದು ಸಲ ಹೋಗಲಾ?

ಮೂಲೆಮನೆ:
ನಮ್ಮ ಬೀದಿಯ ಕೊನೆಗೆ ಒಂದು ಕೆಫೆ ತೆರೆದು ಮೂರು ವಾರವಾಯಿತು. ಮೊದಲು ಅಲ್ಲಿ ಶಟರ್ ಎಳೆದ ಅಂಗಡಿ ಇತ್ತು, ಕತ್ತಲಾದ ಮೇಲೆ ಆ ಕಡೆ ಒಬ್ಬಳೇ ನಡೆಯಲು ಅಳುಕು. ಈಗ ದೀಪ ಇದೆ, ಬಾಗಿಲ ಪಕ್ಕ ಎರಡು ಬೆಂಚು ಇವೆ, ಬೆಳಿಗ್ಗೆ ಆ ದಾರಿಯಲ್ಲಿ ಹೋದರೆ ಬ್ರೆಡ್ ಬೇಯುವ ವಾಸನೆ ಬರುತ್ತದೆ. ಹಾಗಾಗಿ ತುಂಬ ಆಸೆ ಇಟ್ಟುಕೊಂಡು ಮೊನ್ನೆ ಭಾನುವಾರ ಅಪ್ಪ, ನಾನು, ಮಗಳು ಮೂವರೂ ತಿಂಡಿಗೆ ಹೋದೆವು.

ಹತ್ತು ಗಂಟೆಗೆ ಹೋದರೆ ಒಳಗೆ ಕಾಲಿಡಲು ಜಾಗ ಇಲ್ಲ. ಕಾಲು ಗಂಟೆ ನಿಂತ ಮೇಲೆ ಮೇಜು ಸಿಕ್ಕಿತು. ಕಾಫಿ ಬೇಗ ಬಂತು, ತಿಂಡಿ ಬರಲೇ ಇಲ್ಲ. ಕೊನೆಗೆ 45 ನಿಮಿಷಕ್ಕೆ ತಟ್ಟೆ ಬಂದಾಗ ಮೊಟ್ಟೆ ಆರಿತ್ತು, ಟೋಸ್ಟ್ ಅಡಿಭಾಗ ಒದ್ದೆಯಾಗಿ ಮೆತ್ತಗಾಗಿತ್ತು. ಕಾಫಿಯಂತೂ ನಾಲಿಗೆಯ ಎರಡೂ ಅಂಚು ಜುಮ್ಮೆನ್ನುವಷ್ಟು ಹುಳಿ. ಅಪ್ಪನಿಗೆ 74 ವರ್ಷ, ಎಡಗಿವಿ ಮಂದ. ಆ ಗದ್ದಲದಲ್ಲಿ ನಾವು ಹೇಳಿದ್ದು ಅವರಿಗೆ ಒಂದೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತು ಪ್ರಯತ್ನಪಟ್ಟು, ಆಮೇಲೆ ಸುಮ್ಮನೆ ಕಿಟಕಿಯ ಆಚೆ ನೋಡುತ್ತಾ ಕೂತರು. ನನಗೆ ಅದೇ ಹೆಚ್ಚು ನೋವಾಗಿದ್ದು.

ಆದರೆ ಒಂದು ಸಂಗತಿ ಮನಸ್ಸಿನಿಂದ ಹೋಗುತ್ತಿಲ್ಲ. ಮೆನು ಇದ್ದದ್ದು ಗೋಡೆಯ ಮೇಲೆ, ಸಣ್ಣ ಅಕ್ಷರದಲ್ಲಿ. ಅಪ್ಪ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಕೌಂಟರಿನ ಹುಡುಗಿ ಅದನ್ನು ಗಮನಿಸಿ, ಹಿಂದೆ ಅಷ್ಟು ಜನ ನಿಂತಿದ್ದರೂ ಈಚೆ ಬಂದಳು. ‘ಯಾವ ಕಿವಿ ಚೆನ್ನಾಗಿ ಕೇಳಿಸುತ್ತೆ’ ಅಂತ ಕೇಳಿ, ಅವರ ಬಲಗಡೆಗೆ ಬಂದು ನಿಂತು, ಒಂದೊಂದೇ ಸಾಲು ಓದಿ ಹೇಳಿದಳು. ಯಾರೂ ಅವಳಿಗೆ ಅದನ್ನು ಹೇಳಿಕೊಟ್ಟಿರಲಿಕ್ಕಿಲ್ಲ.

ಮನೆಗೆ ಬಂದು ರಿವ್ಯೂ ಬರೆಯಲು ಕೂತೆ. ಎರಡು ಸ್ಟಾರ್ ಒತ್ತಿ, ಅಳಿಸಿ, ಮತ್ತೆ ಒತ್ತಿ, ಕೊನೆಗೆ ಬಿಟ್ಟೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಹೊಸಬರು ಅಂತ ಎಷ್ಟು ಸೈರಿಸಬೇಕು?

ಒಲೆಮುಂದೆ:
ದಯವಿಟ್ಟು ಈಗಲೇ ಬರೆಯಬೇಡಿ. ತಿಂಡಿ ಮಾಡುವ ಅಡುಗೆಮನೆಗಳಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವನು ನಾನು. ನೀವು ಹೇಳಿದ್ದರಲ್ಲಿ ಒಂದೂ ಅಚ್ಚರಿಯಲ್ಲ, ಪ್ರತಿಯೊಂದಕ್ಕೂ ಕಾರಣ ಇದೆ.

ಊಟದ ಅಡುಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲೇ ತಯಾರಾಗಿರುತ್ತದೆ, ಬಿಸಿ ಮಾಡಿ ಬಡಿಸಬಹುದು. ಬೆಳಗಿನ ಮೊಟ್ಟೆಗೆ ಆ ಅನುಕೂಲ ಇಲ್ಲ. ಒಡೆದ ಮೇಲೇ ಕೆಲಸ ಶುರು. ಬಿಳಿಭಾಗ ಸುಮಾರು 62, 63 ಡಿಗ್ರಿಗೆ ಗಟ್ಟಿಯಾಗತೊಡಗುತ್ತದೆ, ಹಳದಿ 65ರ ನಂತರ ದಪ್ಪವಾಗಿ 70ರ ಹೊತ್ತಿಗೆ ಗಟ್ಟಿ. ಎಲ್ಲ ಇಷ್ಟು ಸಣ್ಣ ಅಂತರದಲ್ಲಿ ನಡೆಯುವುದರಿಂದ ಬಾಣಲೆಯ ಮುಂದಿನಿಂದ ಕಣ್ಣು ಕದಲಿಸುವ ಹಾಗಿಲ್ಲ. ಒಲೆಯಿಂದ ಇಳಿಸಿದ ಮೇಲೂ ಒಳಗಿನ ಬಿಸಿಗೆ ಬೇಯುತ್ತಲೇ ಇರುತ್ತದೆ. ಈಗ ಒಂದೇ ಮೇಜಿನಿಂದ ಮೂರು ಬೇರೆ ಬೇರೆ ತಿಂಡಿಯ ಚೀಟಿ ಬಂತು ಅನ್ನಿ. ಒಂದು ಆಮ್ಲೆಟ್, ಒಂದು ಅರೆಬೆಂದದ್ದು, ಒಂದಕ್ಕೆ ಪೂರ್ತಿ ಬೇಯಬೇಕು. ಮೂರೂ ಒಟ್ಟಿಗೆ ಹೋಗಬೇಕಾದರೆ ಮೊದಲು ಆದದ್ದು ಕೊನೆಯದಕ್ಕಾಗಿ ಕಾಯುತ್ತದೆ. ತಟ್ಟೆ ಬೆಚ್ಚಗೆ ಮಾಡಿಟ್ಟಿದ್ದರೆ ತಡೆಯುತ್ತದೆ, ತಣ್ಣನೆ ತಟ್ಟೆಯಾದರೆ ಎರಡೇ ನಿಮಿಷದಲ್ಲಿ ಆರುತ್ತದೆ. ನಿಮಗೆ ಆದದ್ದು ಅದೇ.

ಟೋಸ್ಟ್ ಮೆತ್ತಗಾದದ್ದಕ್ಕೂ ತಣ್ಣನೆ ತಟ್ಟೆಯೇ ಕಾರಣ. ಟೋಸ್ಟರಿನಿಂದ ತೆಗೆದ ಬ್ರೆಡ್ ಒಳಗಿನಿಂದ ಹಬೆ ಬಿಡುತ್ತಿರುತ್ತದೆ. ಹಾಗೇ ಮಲಗಿಸಿದರೆ ಆ ಹಬೆ ತಟ್ಟೆಗೆ ತಾಗಿ ನೀರಾಗಿ ಅಡಿಭಾಗಕ್ಕೇ ಇಳಿಯುತ್ತದೆ. ಅರ್ಧ ನಿಮಿಷ ಒಂದಕ್ಕೊಂದು ಆನಿಸಿ ನಿಲ್ಲಿಸಿಟ್ಟು ಆಮೇಲೆ ಬಡಿಸಿದರೆ ಗರಿಗರಿ ಉಳಿಯುತ್ತದೆ. ಇದು ಹೇಳಿಕೊಟ್ಟರೆ ಒಂದೇ ದಿನದಲ್ಲಿ ಸರಿಹೋಗುವ ತಪ್ಪು. ಮೂರು ವಾರದ ಅಡುಗೆಮನೆಯಲ್ಲಿ ಹೇಳಿಕೊಡುವವರಿಗೂ ಪುರುಸೊತ್ತಿರುವುದಿಲ್ಲ.

ಇನ್ನೊಂದು ಸಲ ಹೋಗಿ. ಆದರೆ ಶನಿವಾರ ಹೋಗಿ, ಎಂಟೂವರೆಗೆ ಹೋಗಿ. ಭಾನುವಾರ ಹತ್ತರಿಂದ ಹನ್ನೊಂದೂವರೆ ತನಕ ಯಾವ ಹೊಸ ಕೆಫೆಯನ್ನೂ ಅಳೆಯಬಾರದು ಅನ್ನುವುದು ನನ್ನ ಅನುಭವ.

ಖಡಾಖಂಡಿತ:
ಒಲೆಮುಂದೆ ಅವರೇ, ನೀವು ಹೇಳಿದ ಕಾರಣಗಳನ್ನು ನಂಬುತ್ತೇನೆ. ಆದರೂ ಒಪ್ಪಲಾರೆ. ಗಿರಾಕಿಗೆ ಸಿಗುವುದು ವಾರಕ್ಕೆ ಒಂದೇ ಬಿಡುವಿನ ಬೆಳಿಗ್ಗೆ. ಅದನ್ನು ಕೊಟ್ಟಿದ್ದಾರೆ, ದುಡ್ಡೂ ಪೂರ್ತಿ ಕೊಟ್ಟಿದ್ದಾರೆ. ಕಲಿಯುತ್ತಿದ್ದೇವೆ ಅಂದರೆ ಕಲಿಯುವ ಕಾಲದ ಬೆಲೆ ಇಡಲಿ, ಅಥವಾ ಮೊದಲ ತಿಂಗಳು ಅರ್ಧ ಮೇಜುಗಳನ್ನು ಮಾತ್ರ ತೆರೆಯಲಿ, ಮೆನುವಿನಲ್ಲಿ ಐದೇ ಐಟಂ ಇರಲಿ. ‘ತಿಂಡಿಗೆ ಈಗ ಮುಕ್ಕಾಲು ಗಂಟೆ ಆಗುತ್ತೆ, ಕಾಯ್ತೀರಾ?’ ಅಂತ ಬಾಗಿಲಲ್ಲೇ ಕೇಳುವುದಕ್ಕೆ ಅನುಭವ ಬೇಕಾ? ಪ್ರಾಮಾಣಿಕತೆ ಸಾಕು. ಎಪ್ಪತ್ತು ದಾಟಿದವರನ್ನು ಹಸಿದ ಹೊಟ್ಟೆಯಲ್ಲಿ ಕೂರಿಸಿದ್ದಾರೆ. ನಾನಾಗಿದ್ದರೆ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೆ. ಅದು ಮುಂದೆ ಹೋಗುವವರಿಗೆ ಮಾಡುವ ಉಪಕಾರ.

ಒಲೆಮುಂದೆ:
ಬಾಗಿಲಲ್ಲೇ ಹೇಳಬೇಕಿತ್ತು ಅನ್ನುವ ಮಾತು ನೂರಕ್ಕೆ ನೂರು ಸರಿ. ಅದಕ್ಕೆ ನನ್ನ ಬಳಿ ಉತ್ತರ ಇಲ್ಲ. ಮೆನು ಚಿಕ್ಕದಿರಲಿ ಅನ್ನುವುದೂ ಸರಿ.

ಹಾಲುನೊರೆ:
ನಾನು ಬರಿಸ್ತಾ, ಅಂದರೆ ಕೆಫೆಯಲ್ಲಿ ಕಾಫಿ ಮಾಡುವುದೇ ನನ್ನ ಕೆಲಸ. ಹುಳಿ ಕಾಫಿಯ ವಿಷಯ ಓದಿ ಸುಮ್ಮನಿರಲು ಆಗಲಿಲ್ಲ.

ಎಸ್ಪ್ರೆಸ್ಸೊ ಅಂದರೆ ಯಂತ್ರದ ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿ. ಅದರಲ್ಲಿ ಪುಡಿಯಿಂದ ಮೊದಲು ಕರಗಿ ಇಳಿಯುವುದು ಹುಳಿಯ ಅಂಶ, ಆಮೇಲೆ ಸಿಹಿ, ತೀರಾ ಕೊನೆಗೆ ಕಹಿ. ಸಾಮಾನ್ಯವಾಗಿ 18 ಗ್ರಾಂ ಪುಡಿಗೆ 9 ಬಾರ್ ಒತ್ತಡದಲ್ಲಿ, 90ರಿಂದ 96 ಡಿಗ್ರಿ ಬಿಸಿನೀರಿನಲ್ಲಿ, 25ರಿಂದ 30 ಸೆಕೆಂಡಿಗೆ ಸುಮಾರು 36 ಗ್ರಾಂ ಇಳಿಸುತ್ತೇವೆ. ಪುಡಿ ಸ್ವಲ್ಪ ದಪ್ಪವಾದರೆ ನೀರು ಹದಿನೈದೇ ಸೆಕೆಂಡಿಗೆ ಓಡಿಬಿಡುತ್ತದೆ. ಹುಳಿ ಮಾತ್ರ ಇಳಿದಿರುತ್ತದೆ, ಸಿಹಿ ಪುಡಿಯಲ್ಲೇ ಉಳಿದಿರುತ್ತದೆ. ಬೆಳಿಗ್ಗೆ ಏಳಕ್ಕೆ ಹದ ಕೂರಿಸಿದ ಗ್ರೈಂಡರ್ ಹತ್ತಕ್ಕೆ ಅದೇ ಹದದಲ್ಲಿ ಇರುವುದಿಲ್ಲ. ಒಂದೇ ಸಮನೆ ಓಡಿ ಒಳಗಿನ ಬಿಲ್ಲೆಗಳು ಬಿಸಿಯಾಗಿರುತ್ತವೆ, ಹೊಸ ಚೀಲದ ಬೀಜ ಬಿದ್ದಿರುತ್ತದೆ. ನಡುವೆ ನಿಲ್ಲಿಸಿ, ತೂಕ ಮಾಡಿ, ರುಚಿ ನೋಡಿ, ಮತ್ತೆ ಕೂರಿಸಬೇಕು. ಎದುರಿಗೆ ಹದಿನೈದು ಚೀಟಿ ನೇತಾಡುತ್ತಿರುವಾಗ ಆ ಎರಡು ನಿಮಿಷ ನಿಲ್ಲಿಸುವುದಕ್ಕೆ ಧೈರ್ಯ ಬೇಕು. ನನಗೆ ಆ ಧೈರ್ಯ ಬರಲು ಒಂದು ವರ್ಷ ಹಿಡಿಯಿತು.

ಹೊಸ ಕೆಫೆಗಳಲ್ಲಿ ಇನ್ನೊಂದು ಕಾರಣ ಕಂಡಿದ್ದೇನೆ. ಬೀಜ ತಾಜಾ ಇದ್ದಷ್ಟೂ ಒಳ್ಳೆಯದು ಅಂತ ನಿನ್ನೆ ಹುರಿದದ್ದನ್ನು ಇವತ್ತೇ ಯಂತ್ರಕ್ಕೆ ಹಾಕುತ್ತಾರೆ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ, ನಿಧಾನವಾಗಿ ಹೊರಬರುತ್ತದೆ. ಕೆಲವು ದಿನ ಬಿಡದೆ ಬಳಸಿದರೆ ಆ ಅನಿಲವೇ ನೀರಿಗೆ ಅಡ್ಡ ಬರುತ್ತದೆ. ಮೇಲೆ ಭರ್ತಿ ನೊರೆ ಕಾಣಿಸುತ್ತದೆ, ಒಳಗೆ ರುಚಿ ಚೂಪು.

ಹಾಲು ಹೇಗಿತ್ತು? ಹಾಲನ್ನು 55ರಿಂದ 65 ಡಿಗ್ರಿಯೊಳಗೆ ನಿಲ್ಲಿಸಿದರೆ ಅದರದೇ ಸಿಹಿ ಎದ್ದು ಕಾಣುತ್ತದೆ. 70 ದಾಟಿದರೆ ಕುದಿಸಿದ ಹಾಲಿನ ವಾಸನೆ ಬಂದು ನೊರೆ ಒರಟಾಗುತ್ತದೆ. ನೊರೆ ನುಣುಪಾಗಿ, ಬಣ್ಣ ಹಚ್ಚಿದ ಹಾಗೆ ಹೊಳೆಯುತ್ತಿದ್ದರೆ ಆ ಕೈಗೆ ಕೆಲಸ ಗೊತ್ತು, ಗ್ರೈಂಡರ್ ಮಾತ್ರ ಕೈಕೊಟ್ಟಿದೆ ಅಂತ ಅರ್ಥ.

ಮೂಲೆಮನೆ:
ಹೊಳೆಯುತ್ತಿತ್ತು! ಮಗಳು ಅದರ ಮೇಲಿನ ಎಲೆ ಚಿತ್ರ ನೋಡಿ ಕುಡಿಯಲು ಬಿಡಲಿಲ್ಲ.

ಹಾಲುನೊರೆ:
ಹಾಗಾದರೆ ಖಂಡಿತ ಇನ್ನೊಂದು ಸಲ ಹೋಗಿ.

ಮೆಲ್ಲಗೆ:
ಒಂದು ಪ್ರಶ್ನೆ, ಯಾವತ್ತೂ ಕೇಳಲು ಸಂಕೋಚ. ಕಾಫಿ ಚೆನ್ನಾಗಿಲ್ಲದಿದ್ದರೆ ವಾಪಸ್ ಕೊಡಬಹುದಾ? ನಾನು ಯಾವಾಗಲೂ ನುಂಗಿಕೊಂಡು ಬರುತ್ತೇನೆ.

ಹಾಲುನೊರೆ:
ಕೊಡಬಹುದು, ಕೊಡಲೇಬೇಕು. ಎರಡು ಗುಟುಕಿನೊಳಗೆ ಕೊಡಿ, ಪೂರ್ತಿ ಕುಡಿದ ಮೇಲೆ ಬೇಡ. ‘ತುಂಬ ಹುಳಿ ಇದೆ’ ಅಥವಾ ‘ತುಂಬ ಕಹಿ ಇದೆ’ ಅಂತ ರುಚಿ ಹೇಳಿ ಕೊಡಿ. ‘ಚೆನ್ನಾಗಿಲ್ಲ’ ಅಂದರೆ ನನಗೆ ಗ್ರೈಂಡರನ್ನು ಯಾವ ಕಡೆ ತಿರುಗಿಸಬೇಕು ಅಂತ ಗೊತ್ತಾಗುವುದಿಲ್ಲ. ‘ಹುಳಿ’ ಅಂದರೆ ತಕ್ಷಣ ಪುಡಿ ನುಣ್ಣಗೆ ಮಾಡುತ್ತೇನೆ, ನಿಮ್ಮ ಹಿಂದಿನ ಹತ್ತು ಜನಕ್ಕೂ ಒಳ್ಳೆಯ ಕಾಫಿ ಸಿಗುತ್ತದೆ.

ಎಣಿಕೆ:
ಕಾಯುವ ಸಮಯದ ಬಗ್ಗೆ ಒಂದು ಮಾತು. ನನ್ನ ವೃತ್ತಿ ಇದಕ್ಕೆ ಹತ್ತಿರದ್ದು.

ಸರತಿಯ ಗಣಿತದಲ್ಲಿ ಬಹಳ ಸರಳವಾದ ಒಂದು ಸೂತ್ರ ಇದೆ, 1961ರಲ್ಲಿ ಜಾನ್ ಲಿಟ್ಲ್ ಎಂಬುವರು ಸಾಧಿಸಿ ತೋರಿಸಿದ್ದು. ಒಳಗಿರುವ ಸರಾಸರಿ ಜನ ಅಂದರೆ, ಗಂಟೆಗೆ ಬರುವ ಜನ ಗುಣಿಸು ಒಬ್ಬೊಬ್ಬರು ಒಳಗೆ ಕಳೆಯುವ ಸಮಯ. ಮೂಲೆಮನೆ ಅವರ ಕೆಫೆಯಲ್ಲಿ 24 ಕುರ್ಚಿ ಅಂದುಕೊಳ್ಳೋಣ. ವಾರದ ದಿನ ಒಬ್ಬರು ಇಪ್ಪತ್ತು ನಿಮಿಷ ಕೂತರೆ ಗಂಟೆಗೆ 72 ಜನಕ್ಕೆ ಜಾಗ ಸಾಲುತ್ತದೆ. ಭಾನುವಾರ ಅದೇ ಕುರ್ಚಿಯಲ್ಲಿ ಒಂದೂವರೆ ಗಂಟೆ ಕೂರುತ್ತಾರೆ, ಆಗ ಗಂಟೆಗೆ 16 ಜನಕ್ಕೆ ಮಾತ್ರ ಜಾಗ. ಕೆಫೆ ಅದೇ, ಕೆಲಸದವರು ಅವರೇ, ನಾಲ್ಕೂವರೆ ಪಟ್ಟು ವ್ಯತ್ಯಾಸ. ತಿಂಡಿ ತಡವಾದರೆ ಕೂರುವ ಸಮಯ ಇನ್ನೂ ಉದ್ದವಾಗುತ್ತದೆ, ಅದರಿಂದ ಬಾಗಿಲಲ್ಲಿ ನಿಂತವರು ಇನ್ನಷ್ಟು ಕಾಯುತ್ತಾರೆ. ಒಂದು ತಡ ಇನ್ನೊಂದನ್ನು ಹೆರುತ್ತಾ ಹೋಗುತ್ತದೆ.

ಖಡಾಖಂಡಿತ ಅವರು ಹೇಳಿದ ಹಾಗೆ ಮೆನು ಚಿಕ್ಕದು ಮಾಡಿದರೆ ಈ ಸರಪಳಿ ಅಡುಗೆಮನೆಯಲ್ಲೇ ಕಡಿಯುತ್ತದೆ. ಒಲೆಮುಂದೆ ಅವರು ಹೇಳಿದ ಹಾಗೆ ಎಂಟೂವರೆಗೆ ಹೋದರೆ ಸರಪಳಿ ಶುರುವಾಗುವ ಮೊದಲೇ ನೀವು ತಿಂದು ಮುಗಿಸಿರುತ್ತೀರಿ. ಇಬ್ಬರ ಮಾತೂ ಲೆಕ್ಕಕ್ಕೆ ಸರಿಹೋಗುತ್ತದೆ.

ಕಿವಿಗೊಡಿ:
ನಿಮ್ಮ ತಂದೆ ಕಿಟಕಿಯ ಆಚೆ ನೋಡುತ್ತಾ ಕೂತರು ಅಂದಿರಲ್ಲ, ಆ ಸಾಲು ಓದಿ ಎದೆ ಹಿಂಡಿದ ಹಾಗಾಯಿತು. ನನಗೂ ಮೂವತ್ತೊಂಬತ್ತನೇ ವಯಸ್ಸಿನಿಂದ ಒಂದು ಕಿವಿ ಕೇಳಿಸುವುದಿಲ್ಲ. ಕುಟುಂಬದ ನಡುವೆ ಕೂತು ಒಬ್ಬರೇ ಆಗಿಬಿಡುವುದು ಅಂದರೆ ಇದೇ. ಎಲ್ಲರೂ ನಕ್ಕಾಗ ನಾವೂ ನಗುತ್ತೇವೆ, ಯಾಕೆ ಅಂತ ಗೊತ್ತಿರುವುದಿಲ್ಲ.

ಹೊಸ ಕೆಫೆಗಳಲ್ಲಿ ಇದು ಹೆಚ್ಚು. ಗಾಜು, ಸಿಮೆಂಟಿನ ನೆಲ, ಬೋಳು ಗೋಡೆ, ಎತ್ತರದ ಚಾವಣಿ. ಸದ್ದನ್ನು ಹೀರಿಕೊಳ್ಳುವ ಒಂದು ವಸ್ತುವೂ ಇರುವುದಿಲ್ಲ. ಸುತ್ತ ಸದ್ದು ಏರಿದ ಹಾಗೆ ಮನುಷ್ಯ ತನಗೇ ಅರಿವಿಲ್ಲದೆ ದನಿ ಏರಿಸುತ್ತಾನೆ. 1911ರಲ್ಲಿ ಎತಿಯೆನ್ ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯರು ಇದನ್ನು ವಿವರಿಸಿದ್ದರಿಂದ ಲೊಂಬಾರ್ಡ್ ಪರಿಣಾಮ ಅನ್ನುತ್ತಾರೆ. ಒಂದು ಮೇಜಿನವರು ಏರಿಸಿದರೆ ಪಕ್ಕದವರೂ ಏರಿಸಬೇಕು. ಯಾರ ತಪ್ಪೂ ಅಲ್ಲ, ಎಲ್ಲರೂ ಕೂಗುತ್ತಿರುತ್ತಾರೆ.

ಮುಂದಿನ ಸಲ ಹೀಗೆ ಮಾಡಿ. ಅಪ್ಪನ ಮಂದವಾದ ಎಡಗಿವಿ ಕಾಫಿ ಯಂತ್ರದ ಕಡೆಗೆ ಬರುವಂತೆ ಕೂರಿಸಿ, ನೀವು ಅವರ ಬಲಕ್ಕೆ ಕೂತುಕೊಳ್ಳಿ. ಮೂಲೆಯ ಮೇಜು ಸಿಕ್ಕರೆ ಒಳ್ಳೆಯದು, ಪರದೆಯೋ ಪುಸ್ತಕದ ಕಪಾಟೋ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ಕಿಟಕಿಯ ಬೆಳಕು ನಿಮ್ಮ ಮುಖದ ಮೇಲೆ ಬೀಳಬೇಕು, ನಿಮ್ಮ ಬೆನ್ನಿಗಲ್ಲ. ನಾವು ಅರ್ಧ ಮಾತನ್ನು ತುಟಿ ನೋಡಿಯೇ ತಿಳಿದುಕೊಳ್ಳುತ್ತೇವೆ. ಬೆಳಕು ನಿಮ್ಮ ಹಿಂದಿದ್ದರೆ ಮುಖ ಕಪ್ಪಾಗಿ ಕಾಣಿಸುತ್ತದೆ. ಹೇಳಿದ್ದು ಕೇಳಿಸದಿದ್ದರೆ ಅದನ್ನೇ ಜೋರಾಗಿ ಹೇಳಬೇಡಿ, ಬೇರೆ ಪದದಲ್ಲಿ ಹೇಳಿ. ‘ಬಿಡಿ, ಏನಿಲ್ಲ’ ಅಂತ ಮಾತ್ರ ಯಾವತ್ತೂ ಅನ್ನಬೇಡಿ.

ಮತ್ತೆ ಆ ಹುಡುಗಿ. ಯಾವ ಕಿವಿ ಅಂತ ಕೇಳಿದಳಲ್ಲ. ಇಷ್ಟು ವರ್ಷದಲ್ಲಿ ನನ್ನನ್ನು ಹಾಗೆ ಕೇಳಿದವರನ್ನು ಒಂದು ಕೈಬೆರಳಲ್ಲಿ ಎಣಿಸಬಹುದು.

ಮೂಲೆಮನೆ:
‘ಬಿಡಿ ಅಪ್ಪ, ಏನಿಲ್ಲ’ ಅಂತ ನಾನು ಅವತ್ತೇ ಎರಡು ಸಲ ಅಂದಿದ್ದೆ. ತುಂಬ ಧನ್ಯವಾದ.

ಗೋಧಿಬೇಡ:
ವಿಷಯಾಂತರ ಆದರೆ ಕ್ಷಮಿಸಿ. ನನಗೆ ಸೀಲಿಯಾಕ್ ಕಾಯಿಲೆ ಇದೆ, ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ನನ್ನ ಕರುಳಿಗೆ ಆಗುವುದಿಲ್ಲ. ಹೊಸ ಕೆಫೆ ಅಂದರೆ ನನಗೆ ಮೊದಲು ಕಾಣುವುದು ಟೋಸ್ಟರ್. ‘ನಮ್ಮಲ್ಲಿ ಗ್ಲುಟನ್ ಇಲ್ಲದ ಬ್ರೆಡ್ ಇದೆ’ ಅಂತ ಸಂತೋಷದಿಂದ ಹೇಳುತ್ತಾರೆ, ಅದನ್ನು ಮಾಮೂಲಿ ಬ್ರೆಡ್ ಹಾಕಿದ ಟೋಸ್ಟರಿಗೇ ಹಾಕುತ್ತಾರೆ. ಗ್ಲುಟನ್ ರಹಿತ ಅನ್ನಿಸಿಕೊಳ್ಳಲು ಕೋಡೆಕ್ಸ್ ಅಂತರರಾಷ್ಟ್ರೀಯ ಆಹಾರ ಮಾನದಂಡ ಇಟ್ಟಿರುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಅಂದರೆ ಒಂದು ಚಿಟಿಕೆ ಬ್ರೆಡ್ ಪುಡಿಯೂ ಹೆಚ್ಚಾಯಿತು. ಬೆಣ್ಣೆಯ ಬಟ್ಟಲಿಗೆ ಅದ್ದಿದ ಚಾಕುವಿನ ತುದಿಯಲ್ಲಿ ಅಂಟಿರುವ ತುಣುಕು ಸಾಕು, ನನಗೆ ಮೂರು ದಿನ ಹೊಟ್ಟೆನೋವು.

ಹಾಗಾಗಿ ನಾನು ಹೊಸ ಜಾಗಕ್ಕೆ ಜನ ಇಲ್ಲದ ಹೊತ್ತಿನಲ್ಲಿ, ತಿನ್ನಲು ಅಲ್ಲ, ಬರೀ ಮಾತಾಡಲು ಒಮ್ಮೆ ಹೋಗುತ್ತೇನೆ. ಬ್ರೆಡ್ ಎಲ್ಲಿ ಸುಡುತ್ತೀರಿ, ಬಾಣಲೆ ಬೇರೆ ಇದೆಯಾ ಅಂತ ಕೇಳುತ್ತೇನೆ. ‘ಗೊತ್ತಿಲ್ಲ, ಅಡುಗೆಮನೆಯಲ್ಲಿ ವಿಚಾರಿಸಿ ಬರ್ತೀನಿ’ ಅಂದವರನ್ನು ನಂಬುತ್ತೇನೆ. ಥಟ್ಟನೆ ‘ಏನೂ ಆಗಲ್ಲ ಮೇಡಂ’ ಅಂದವರಲ್ಲಿ ನೀರೂ ಕುಡಿಯುವುದಿಲ್ಲ. ನಿಮ್ಮ ಬೀದಿಯ ಹುಡುಗಿ ಮೊದಲನೇ ಥರದವಳು ಅಂತ ಅನ್ನಿಸುತ್ತಿದೆ.

ಎರಡುಮಕ್ಕಳು:
ಚಿಕ್ಕ ಮಕ್ಕಳಿರುವವರಿಗೆ ಒಂದೇ ಸಲಹೆ: ಮಕ್ಕಳದ್ದನ್ನು ಮೊದಲು ಆರ್ಡರ್ ಮಾಡಿ, ‘ಇದು ಆದ ಕೂಡಲೇ ತನ್ನಿ, ನಮ್ಮದಕ್ಕೆ ಕಾಯಬೇಡಿ’ ಅಂತ ಹೇಳಿಬಿಡಿ. ನಮ್ಮ ಭಾನುವಾರಗಳು ಉಳಿದದ್ದೇ ಇದರಿಂದ. ಚಿಕ್ಕವರಿಗೆ ಮೊಟ್ಟೆ ಪೂರ್ತಿ ಬೇಯಿಸಲು ಹೇಳುವುದನ್ನು ಮರೆಯಬೇಡಿ.

ಪುಟತಿರುವಿ:
ಮೇಲೆ ಭಾನುವಾರದ ತಡವಾದ ತಿಂಡಿಯ ಮಾತು ಬಂತಲ್ಲ, ‘ಬ್ರಂಚ್’ ಅನ್ನುವ ಪದಕ್ಕೂ ಒಂದು ಕತೆ ಇದೆ. 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಬರಹಗಾರ ‘ಹಂಟರ್ಸ್ ವೀಕ್ಲಿ’ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಭಾನುವಾರದ ಭಾರಿ ಊಟದ ಬದಲು ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟ ಎರಡನ್ನೂ ಸೇರಿಸಿದ ಹಗುರಾದ ಒಂದು ಊಟ ಇರಲಿ ಅಂತ ವಾದಿಸಿದ. ಬೆಳಿಗ್ಗೆ ಬೇಗ ಏಳುವ ಕಷ್ಟ ತಪ್ಪುತ್ತದೆ, ಹರಟೆಗೆ ಹೇಳಿ ಮಾಡಿಸಿದ ಊಟ ಅನ್ನುವುದು ಅವನ ವಾದದ ತಿರುಳು. ನೂರಕ್ಕೂ ಹೆಚ್ಚು ವರ್ಷವಾಯಿತು, ಇವತ್ತಿಗೂ ಜನ ಭಾನುವಾರ ಹತ್ತು ಗಂಟೆಗೆ ಬಾಗಿಲಲ್ಲಿ ನಿಲ್ಲುವುದು ಹರಟೆಗೇ ಅಂತ ನನಗನ್ನಿಸುತ್ತದೆ. ಹೊಟ್ಟೆಗಷ್ಟೇ ಆಗಿದ್ದರೆ ಮನೆಯಲ್ಲೇ ಬ್ರೆಡ್ ಇರುತ್ತದೆ.

ಕಿಟಕಿಮೇಜು:
ಹೌದು. ರೇ ಓಲ್ಡನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ಇಂಥ ಜಾಗಗಳನ್ನು ‘ಮೂರನೇ ಜಾಗ’ ಅಂತ ಕರೆದರು. ಮನೆ ಒಂದನೆಯದು, ಕೆಲಸ ಎರಡನೆಯದು, ಎರಡೂ ಅಲ್ಲದ, ಯಾರು ಬೇಕಾದರೂ ಬಂದು ಕೂರಬಹುದಾದ ಜಾಗ ಮೂರನೆಯದು. ನಾನು ಒಬ್ಬಳೇ ಇರುವವಳು, ಮನೆಯಿಂದಲೇ ಕೆಲಸ. ವಾರದಲ್ಲಿ ನನ್ನ ಹೆಸರು ಹಿಡಿದು ‘ಹೇಗಿದ್ದೀರಿ’ ಅಂತ ಕೇಳುವ ದನಿ ಕೆಲವೊಮ್ಮೆ ನಮ್ಮ ಕೆಫೆಯ ಕೌಂಟರಿನದ್ದು ಮಾತ್ರ. ಹಾಗಾಗಿ ಭಾನುವಾರ ನಾನು ಲ್ಯಾಪ್‌ಟಾಪ್ ಒಯ್ಯುವುದಿಲ್ಲ, ಒಬ್ಬಳೇ ಇದ್ದರೆ ನಾಲ್ಕು ಜನರ ಮೇಜು ಹಿಡಿಯುವುದಿಲ್ಲ, ಕಾಯುವವರು ಕಂಡರೆ ತಿಂದು ಎದ್ದುಬಿಡುತ್ತೇನೆ. ಜಾಗ ಉಳಿಯಬೇಕು ಅಂದರೆ ಅಷ್ಟು ಮಾಡಬೇಕು.

ಖಡಾಖಂಡಿತ:
ಒಬ್ಬರೇ ಇರುವವರನ್ನು ಎಬ್ಬಿಸಿ ಕಳಿಸುವ ಕೆಫೆ ನನಗೆ ಬೇಡ. ಕೂತಿರಿ.

ಅಂಗಡಿಯಾಕೆ:
ಇಲ್ಲಿಯ ತನಕ ಬರೀ ಓದುತ್ತಿದ್ದೆ. ನಾನು ಇಂಥದ್ದೇ ಒಂದು ಚಿಕ್ಕ ಕೆಫೆ ನಡೆಸುತ್ತೇನೆ, ಈಗ ಆರನೇ ವರ್ಷ. ಮೂಲೆಮನೆ ಅವರು ಹೇಳಿದ ಕೆಫೆ ನನ್ನದಲ್ಲ, ಆದರೆ ಮೂರನೇ ವಾರದಲ್ಲಿ ನನ್ನದೂ ಹಾಗೇ ಇತ್ತು.

ತೆರೆಯುವ ಮುಂಚೆ ನಾವು ರುಚಿ ನೋಡಿದ್ದೆಲ್ಲ ಹತ್ತು ತಟ್ಟೆಯ ಲೆಕ್ಕದಲ್ಲಿ. ಅರವತ್ತು ತಟ್ಟೆ ಒಂದೇ ಗಂಟೆಯಲ್ಲಿ ಹೋಗುವಾಗ ಏನಾಗುತ್ತದೆ ಅಂತ ಭಾನುವಾರ ಬರುವ ತನಕ ಗೊತ್ತಾಗುವುದಿಲ್ಲ. ವಾರದ ದಿನ ಆರಾಮಾಗಿ ನಡೆದ ಅಡುಗೆಮನೆ ಭಾನುವಾರ ಹತ್ತೂಕಾಲಿಗೆ ಕುಸಿದು ಕೂರುತ್ತದೆ. ಹಾಗೆ ಕುಸಿದ ಒಂದು ದಿನ, ಒಬ್ಬ ವಯಸ್ಸಾದವರು ಬಿಲ್ ಕೊಟ್ಟು ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದರು. ‘ಒಂಬತ್ತು ನಲವತ್ತಕ್ಕೆ ಹೇಳಿದ್ದು, ಹತ್ತು ಇಪ್ಪತ್ತಕ್ಕೆ ಬಂತು. ಮೊಟ್ಟೆ ಆರಿತ್ತು. ಬ್ರೆಡ್ ಮಾತ್ರ ಬಹಳ ಚೆನ್ನಾಗಿದೆ ತಾಯಿ, ಅದನ್ನು ಕೆಡಿಸಬೇಡ’ ಅಂದರು. ಅವತ್ತು ರಾತ್ರಿ ಮೆನುವಿನಿಂದ ಏಳು ಐಟಂ ತೆಗೆದೆ. ಬ್ರೆಡ್ ಉಳಿಸಿಕೊಂಡೆ. ತಟ್ಟೆ ಬೆಚ್ಚಗಿಡುವ ಪೆಟ್ಟಿಗೆ ತಂದೆ. ಆ ಹಿರಿಯರು ಈಗಲೂ ಬರುತ್ತಾರೆ.

ಅದೇ ವಾರ ಒಂದು ರಿವ್ಯೂ ಕೂಡ ಬಂದಿತ್ತು, ‘ಕೆಟ್ಟ ಸರ್ವಿಸ್, ಯಾರೂ ಹೋಗಬೇಡಿ’ ಅಂತ. ಯಾವ ದಿನ, ಏನು ಕೆಟ್ಟಿತ್ತು, ಯಾವುದೂ ಇಲ್ಲ. ನಾನು ಎರಡು ರಾತ್ರಿ ನಿದ್ದೆ ಮಾಡಲಿಲ್ಲ, ಆದರೆ ಏನನ್ನು ತಿದ್ದಬೇಕು ಅಂತಲೇ ತಿಳಿಯಲಿಲ್ಲ.

ಖಡಾಖಂಡಿತ ಅವರು ಹೇಳಿದ ಹಾಗೆ ನಡೆದದ್ದನ್ನು ನಡೆದ ಹಾಗೆ ಹೇಳಿ, ನನಗೂ ಅದೇ ಬೇಕು. ಆದರೆ ಮೊದಲು ನಮ್ಮ ಮುಖ ನೋಡಿ ಹೇಳಿ, ಅದೂ ನೂಕುನುಗ್ಗಲು ಇಳಿದ ಮೇಲೆ, ಮಧ್ಯಾಹ್ನ ಎರಡರ ಹೊತ್ತಿಗೆ. ಅಷ್ಟು ಹೇಳಿಯೂ ತಿಂಗಳಾದ ಮೇಲೆ ಹಾಗೇ ಇದ್ದರೆ ಧಾರಾಳವಾಗಿ ಬರೆಯಿರಿ. ಅಪ್ಪನ ಮಾತನ್ನು ಮುಖ್ಯವಾಗಿ ಹೇಳಿ. ಗೋಡೆಯ ಮೆನು ಓದಲು ಆಗುವುದಿಲ್ಲ ಅನ್ನುವುದು ಕಣ್ಣು ಚೆನ್ನಾಗಿರುವ ನಮಗೆ ಹೊಳೆಯುವುದೇ ಇಲ್ಲ.

ಮತ್ತೆ ಆ ಹುಡುಗಿ ಮಾಡಿದ್ದನ್ನು ಮಾಲೀಕರ ಮುಂದೆ, ಅವಳಿಗೂ ಕೇಳಿಸುವ ಹಾಗೆ ಹೇಳಿ.

ಮೂಲೆಮನೆ:
ಎಲ್ಲರಿಗೂ ನಮಸ್ಕಾರ. ಹತ್ತು ದಿನ ಆಯಿತು, ನಡೆದದ್ದನ್ನು ಹೇಳುತ್ತೇನೆ.

ಬುಧವಾರ ಮಧ್ಯಾಹ್ನ ಒಬ್ಬಳೇ ಹೋದೆ. ಮಾಲೀಕರು ಗಂಡ ಹೆಂಡತಿ, ಆಕೆಯೇ ಅಡುಗೆಮನೆ ನೋಡಿಕೊಳ್ಳುವುದು. ಅಂಗಡಿಯಾಕೆ ಅವರು ಹೇಳಿದ ಹಾಗೆ ಗಂಟೆ ಸಮೇತ ಹೇಳಿದೆ, ಟೋಸ್ಟ್ ನಿಲ್ಲಿಸಿಡುವ ವಿಷಯವನ್ನೂ ಹೇಳಿದೆ. ಆಕೆ ಬಿಲ್ ಚೀಟಿಯ ಹಿಂದೆ ಬರೆದುಕೊಳ್ಳುತ್ತಾ ಹೋದರು. ಯಜಮಾನರ ಮುಖ ಮೊದಲು ಸ್ವಲ್ಪ ಬಿಗಿದಿತ್ತು. ಹುಡುಗಿಯ ವಿಷಯ ಹೇಳಿದಾಗ ಮಾತ್ರ ಅವರು ತಿರುಗಿ ಅವಳನ್ನೇ ನೋಡಿದರು. ಅವಳು ಕಪ್ ಒರೆಸುತ್ತಿದ್ದವಳು ಒರೆಸುತ್ತಲೇ ಇದ್ದಳು, ತಲೆ ಎತ್ತಲಿಲ್ಲ. ಅವಳ ಅಜ್ಜಿಗೂ ಹಾಗೇ ಅಂತೆ, ಒಂದೇ ಕಿವಿ.

ಶನಿವಾರ ಎಂಟೂವರೆಗೆ ಮೂವರೂ ಹೋದೆವು. ನಾಲ್ಕು ಮೇಜು ಖಾಲಿ. ಮೂಲೆ ಹಿಡಿದು, ಅಪ್ಪನ ಎಡಗಡೆ ಯಂತ್ರದ ಕಡೆಗೆ ಬರುವ ಹಾಗೆ ಕೂರಿಸಿ, ಬೆಳಕು ನನ್ನ ಮುಖಕ್ಕೆ ಬೀಳುವಂತೆ ಕುರ್ಚಿ ತಿರುಗಿಸಿಕೊಂಡೆ. ತಿಂಡಿ ಹದಿನಾಲ್ಕು ನಿಮಿಷಕ್ಕೆ ಬಂತು. ತಟ್ಟೆ ಮುಟ್ಟಿದರೆ ಬಿಸಿ. ಟೋಸ್ಟ್ ಮುರಿದಾಗ ಸದ್ದು ಬಂತು, ಮಗಳು ಇನ್ನೊಂದು ಸಲ ಮುರಿದು ತೋರಿಸಿದಳು. ಮೊಟ್ಟೆಗೆ ಉಪ್ಪು ಕಡಿಮೆ ಇತ್ತು, ಅದನ್ನೂ ಹೇಳಿ ಬಂದೆ. ಒಂಬತ್ತೂವರೆ ಆದ ಮೇಲೆ ಗದ್ದಲ ಶುರುವಾಯಿತು, ಅದಕ್ಕೆ ಅವರಿನ್ನೂ ಏನೂ ಮಾಡಿಲ್ಲ. ಅಷ್ಟರಲ್ಲಿ ನಮ್ಮದು ಮುಗಿದಿತ್ತು.

ಅಪ್ಪ ಮಾತಾಡಿದರು. ಅವರು ಚಿಕ್ಕವರಿದ್ದಾಗ ಬೆಳಿಗ್ಗೆ ಯಾರು ಮೊದಲು ಎದ್ದು ಒಲೆ ಹಚ್ಚುತ್ತಿದ್ದರು ಅನ್ನುವ ಕತೆ. ನಾನೂ ಕೇಳಿರಲಿಲ್ಲ, ಮಗಳಂತೂ ಕಣ್ಣು ಮಿಟುಕಿಸದೆ ಕೂತಿದ್ದಳು.

ಇನ್ನೊಂದು. ಮೇಜಿನ ಮೇಲೆ ಒಂದು ಹಾಳೆ ಇತ್ತು. ಇಡೀ ಮೆನು ದಪ್ಪಕ್ಷರದಲ್ಲಿ, ಕೈಬರಹ, ಎರಡೂ ಬದಿ. ಆ ಹುಡುಗಿ ಬರೆದದ್ದು. ಅಪ್ಪ ಕನ್ನಡಕ ಏರಿಸಿಕೊಂಡು ಮೇಲಿನಿಂದ ಕೆಳಗಿನ ತನಕ ತಾವೇ ಓದಿ, ತಮಗೆ ಬೇಕಾದ್ದನ್ನು ತಾವೇ ಹೇಳಿದರು.

ಕಿವಿಗೊಡಿ:
ಎರಡು ಸಲ ಓದಿದೆ.

ಖಡಾಖಂಡಿತ:
ಸಂತೋಷ ಆಯಿತು. ಬಾಗಿಲಲ್ಲಿ ಕಾಯುವ ಸಮಯ ಹೇಳಬೇಕು ಅನ್ನುವ ನನ್ನ ಮಾತನ್ನು ಮಾತ್ರ ಬಿಡುವುದಿಲ್ಲ. ಅದನ್ನು ಹೇಳಿದಿರಾ?

ಮೂಲೆಮನೆ:
ಹೇಳಿದೆ. ‘ಹೇಳಿದರೆ ಬಂದವರು ಹೊರಟುಹೋಗುತ್ತಾರಲ್ಲ’ ಅಂತ ಯಜಮಾನರು ಅಂದರು. ಆಕೆ ಒಳಗಿನಿಂದಲೇ ‘ಹೋದರೆ ಹೋಗಲಿ, ನಾಳೆ ಬರುತ್ತಾರೆ’ ಅಂದರು. ಇನ್ನೂ ತೀರ್ಮಾನ ಆಗಿಲ್ಲ.

ಹಾಲುನೊರೆ:
ಕಾಫಿ ಹೇಗಿತ್ತು ಅಂತ ನೀವು ಹೇಳಲೇ ಇಲ್ಲ.

ಮೂಲೆಮನೆ:
ಮೊದಲ ಕಪ್ ಸ್ವಲ್ಪ ಹುಳಿ. ಎರಡು ಗುಟುಕಿಗೇ ವಾಪಸ್ ಕೊಟ್ಟೆ, ‘ಹುಳಿ’ ಅಂತಲೇ ಹೇಳಿದೆ. ಯಂತ್ರದ ಹಿಂದಿನ ಹುಡುಗ ಗ್ರೈಂಡರ್ ತಿರುಗಿಸಿ ಎರಡು ಸಲ ಇಳಿಸಿ ಚೆಲ್ಲಿ, ಮೂರನೆಯದನ್ನು ತಾನು ರುಚಿ ನೋಡಿ, ನಾಲ್ಕನೆಯದನ್ನು ತಂದುಕೊಟ್ಟ. ನಾನು ಕುಡಿಯುವ ತನಕ ಅಲ್ಲೇ ನಿಂತಿದ್ದ. ಚೆನ್ನಾಗಿತ್ತು.